ಹಳೆಯ ಗಣಕಯಂತ್ರಕ್ಕೆ ಹೊಸ ಚಿತ್ರಫಲಕ: ಒಂದು ಚಾರಿತ್ರಿಕ ವಿವೇಚನೆ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನು ಕುರಿತು ಬರೆಯುತ್ತಾರೆ. ಅವುಗಳ ಬಾಳನ್ನು ಕುರಿತು ಬರೆಯುವುದು ವಿರಳ. ಯಾವ ಯಂತ್ರವು ಯಾವ ವರ್ಷ, ಯಾವ ದೇಶದಲ್ಲಿ ಸಿದ್ಧವಾಯಿತೆಂಬುದು ಗ್ರಂಥಗಳಲ್ಲಿ ದೊರೆಯುತ್ತದೆ. ಆದರೆ ಅದೇ ಯಂತ್ರವು ಹತ್ತು ಹನ್ನೆರಡು ವರ್ಷ ದುಡಿದು, ಕಚೇರಿಯೊಂದರಿಂದ ಹೊರಬಿದ್ದು, ಎರಡನೆಯ ಇಲ್ಲವೆ ಮೂರನೆಯ ಕೈಗೆ ಬಂದು, ಹೊಸದೊಂದು ಅಂಗವನ್ನು ಪಡೆದು ಮತ್ತೆ ಚೇತರಿಸಿಕೊಂಡ ಸಂಗತಿಯು ದಾಖಲೆಗೆ ಬರುವುದಿಲ್ಲ. ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ಊರುಗಳ ವಿದ್ಯಾರ್ಥಿಗೆ ಈ ಎರಡನೆಯ ಬಾಳಿನ ಚರಿತ್ರೆಯೇ ಹೆಚ್ಚು ಉಪಯುಕ್ತವಾದುದು.

ಹಳೆಯ ಮೇಜುಗಣಕವೊಂದಕ್ಕೆ ಆಟಗಳ ಸಲುವಾಗಿ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೂಡಿಸುವುದು ತರುಣರಲ್ಲಿ ಇಂದು ರೂಢಿಯಾಗಿರುವ ಕೆಲಸ. ಹಿರಿಯರು ಇದನ್ನು ಕಾಲಹರಣವೆಂದೂ ದುಂದುವೆಚ್ಚವೆಂದೂ ಎಣಿಸುವುದುಂಟು. ತರುಣರಾದರೋ, ಕಾರ್ಡು ಹೊಸದಾದರೆ ಯಂತ್ರವೆಲ್ಲ ಹೊಸದಾಯಿತೆಂದು ನಂಬುತ್ತಾರೆ. ಎರಡು ಅಭಿಪ್ರಾಯಗಳೂ ಅರ್ಧಸತ್ಯಗಳು. ಚಿತ್ರವನ್ನು ಬರೆಯುವ ಫಲಕವು ಗಣಕದ ಒಡಲಿನಿಂದ ಬೇರೆಯಾಗಿ ಏಕೆ ನಿಂತಿತು, ಅದನ್ನು ಬದಲಿಸುವ ಸ್ವಾತಂತ್ರ್ಯವು ಬಳಸುವವನಿಗೆ ಹೇಗೆ ಲಭಿಸಿತು, ಆ ಸ್ವಾತಂತ್ರ್ಯದ ಮೇರೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

೨

೧೯೮೧ರ ಆಗಸ್ಟ್ ೧೨ರಂದು ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು ತನ್ನ ‘ಪರ್ಸನಲ್ ಕಂಪ್ಯೂಟರ್’ ಎಂಬ ಯಂತ್ರವನ್ನು ಪ್ರಕಟಿಸಿತು. ಅದರ ಮುಖ್ಯ ಫಲಕದಲ್ಲಿ, ಎಂದರೆ ಮದರ್‌ಬೋರ್ಡಿನಲ್ಲಿ, ಐದು ಸ್ಲಾಟುಗಳಿದ್ದುವು. ಗಮನಿಸತಕ್ಕ ಸಂಗತಿಯೆಂದರೆ, ತೆರೆಯ ಮೇಲೆ ಒಂದು ಅಕ್ಷರವನ್ನಾದರೂ ಮೂಡಿಸುವ ಶಕ್ತಿ ಆ ಮುಖ್ಯ ಫಲಕಕ್ಕೆ ಇರಲಿಲ್ಲ. ಕೊಳ್ಳುವವನು ಒಂದು ಪ್ರದರ್ಶನ ಫಲಕವನ್ನು ಬೇರೆಯಾಗಿಯೇ ತೆಗೆದುಕೊಂಡು ಸ್ಲಾಟಿನಲ್ಲಿ ಕೂಡಿಸಬೇಕಾಗಿತ್ತು. ವ್ಯವಹಾರಸ್ಥರಿಗಾಗಿ ಬರಿಯ ಅಕ್ಷರಗಳನ್ನು ಮೂಡಿಸುವ ಎಂ.ಡಿ.ಎ. ಫಲಕ, ಚಿತ್ರ, ಬಣ್ಣ ಬೇಕೆನ್ನುವವರಿಗಾಗಿ ೧೬ ಕಿಲೋಬೈಟು ಸ್ಮೃತಿಯ ಸಿ.ಜಿ.ಎ. ಫಲಕ. ಎರಡನೆಯದು ಅಡ್ಡಲಾಗಿ ೩೨೦, ಉದ್ದಲಾಗಿ ೨೦೦ ಬಿಂದುಗಳ ತೆರೆಯಲ್ಲಿ ನಾಲ್ಕು ಬಣ್ಣಗಳನ್ನು ತೋರಿಸಬಲ್ಲುದಾಗಿತ್ತು. ಹೀಗೆ ಚಿತ್ರಫಲಕವು ಹುಟ್ಟಿನಿಂದಲೇ ಬೇರೆ ಮನೆ ಹೂಡಿತು.

ಇದಕ್ಕಿಂತ ಮಹತ್ವದ ಮಾತು ಮತ್ತೊಂದಿದೆ. ಐ.ಬಿ.ಎಂ. ಸಂಸ್ಥೆಯು ಆ ಯಂತ್ರದ ವಿದ್ಯುನ್ಮಂಡಲಗಳ ನಕ್ಷೆಯನ್ನೂ ಸ್ಲಾಟಿನ ವಿವರಗಳನ್ನೂ ಕೈಪಿಡಿಯ ರೂಪದಲ್ಲಿ ಅಚ್ಚುಹಾಕಿಸಿತು. ಇದರಿಂದ ಯಾವ ಕುಶಲಿಯಾದರೂ ಆ ಸ್ಲಾಟಿಗೆ ಹೊಂದುವ ಫಲಕವನ್ನು ನಿರ್ಮಿಸುವುದು ಸಾಧ್ಯವಾಯಿತು. ಈ ಸೌಕರ್ಯವನ್ನು ಬೇಗನೆ ಬಳಸಿಕೊಂಡವರಲ್ಲಿ ಒಬ್ಬನು ಥಾಯ್ಲೆಂಡಿನ ವಿದ್ಯಾರ್ಥಿಯಾದ ವ್ಯಾನ್ ಸುವನ್ನುಕುಲ್. ತನ್ನ ಸಂಶೋಧನ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಲು ತಕ್ಕ ಸಾಧನವಿಲ್ಲದೆ ಆತನು ೧೯೮೨ರಲ್ಲಿ ೭೨೦ಕ್ಕೆ ೩೪೮ ಬಿಂದುಗಳ ಸ್ಪಷ್ಟವಾದ ಫಲಕವನ್ನು ಸಿದ್ಧಪಡಿಸಿದನು. ಅದೇ ‘ಹರ್ಕ್ಯುಲಿಸ್’ ಕಾರ್ಡೆಂದು ಲೋಕವಿಖ್ಯಾತವಾಯಿತು. ಗ್ರಾಫಿಕ್ಸ್ ಕಾರ್ಡಿನ ಚರಿತ್ರೆಯ ಮೊದಲ ದೊಡ್ಡ ಹೆಜ್ಜೆಗಳಲ್ಲೊಂದು ಆಟಕ್ಕಾಗಿ ಇಟ್ಟುದಲ್ಲ, ತಾಯ್ನುಡಿಯ ಲಿಪಿಗಾಗಿ ಇಟ್ಟುದು ಎಂಬುದನ್ನು ನಾವು ಮರೆಯಬಾರದು.

ಕನ್ನಡದ ಪಾಡೂ ಇದೇ ಆಗಿತ್ತು. ಆ ಕಾಲದ ಫಲಕಗಳಲ್ಲಿ ೨೫೬ ಚಿಹ್ನೆಗಳು ಮೊದಲೇ ಅಚ್ಚೊತ್ತಿದಂತೆ ಸೇರಿಕೊಂಡಿರುತ್ತಿದ್ದುವು. ಅವುಗಳಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಒತ್ತಕ್ಷರವು ಕೆಳಗಿಳಿಯುವ, ಗುಣಿತವು ಬಲಕ್ಕೆ ಚಾಚುವ ನಮ್ಮ ಲಿಪಿಯು ರೋಮನ್ ಅಕ್ಷರಕ್ಕೆಂದು ಅಳೆದ ಮನೆಯಲ್ಲಿ ಹಿಡಿಯುವಂತಿರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಆರ್. ಎಂ. ಕೆ. ಸಿನ್ಹಾ, ಮೋಹನ ತಾಂಬೆ ಮೊದಲಾದವರು ಭಾರತೀಯ ಲಿಪಿಗಳ ವಿಷಯದಲ್ಲಿ ನಡೆಸಿದ ಕೆಲಸವು ೧೯೮೮ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ಕಾರ್ಡಿನ ರೂಪ ತಾಳಿತು. ಈ ಕಾರ್ಡನ್ನು ಆಗಿನ ಗಣಕದ ಖಾಲಿ ಸ್ಲಾಟಿನಲ್ಲಿ ಕೂಡಿಸಿದರೆ, ಇಂಗ್ಲಿಷಿಗಾಗಿ ಬರೆದಿದ್ದ ತಂತ್ರಾಂಶಗಳಲ್ಲಿಯೇ ಕನ್ನಡ, ದೇವನಾಗರಿ ಮೊದಲಾದ ಲಿಪಿಗಳು ಮೂಡುತ್ತಿದ್ದುವು. ಇದರ ಬೆಂಬಲಕ್ಕಿದ್ದ ಇಸ್ಕಿ ಸಂಕೇತಕ್ರಮವು ೧೯೯೧ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತು, ಕೆಲವು ವರ್ಷಗಳ ತರುವಾಯ ಈ ಕೆಲಸವನ್ನು ತಂತ್ರಾಂಶವೇ ವಹಿಸಿಕೊಂಡಿತು. ಜಿಸ್ಟ್ ಕಾರ್ಡಿನ ಅಗತ್ಯ ತೀರಿತು. ಆದರೂ ಕನ್ನಡವು ಗಣಕದ ತೆರೆಗೆ ಏರಿದ ಹಾದಿಗಳಲ್ಲಿ ಒಂದು, ಹಳೆಯ ಯಂತ್ರದ ಖಾಲಿ ಸ್ಲಾಟಿನ ಮೂಲಕ ಹಾದುಬಂದಿತೆಂಬುದು ನಿರ್ವಿವಾದ. ಕನ್ನಡ ಮರಾಠಿಗಳೆರಡನ್ನೂ ಬಲ್ಲ ಗಡಿನಾಡಿಗೆ, ಒಂದೇ ಫಲಕದಿಂದ ಎರಡು ಲಿಪಿಗಳೂ ಮೂಡುತ್ತಿದ್ದ ಆ ಏರ್ಪಾಡಿನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

೩

ಲಿಪಿಯ ಅಗತ್ಯದ ತರುವಾಯ ಬಂದುದು ಆಟದ ಅಗತ್ಯ. ೧೯೮೪ರಲ್ಲಿ ಇ.ಜಿ.ಎ., ೧೯೮೭ರಲ್ಲಿ ವಿ.ಜಿ.ಎ. ಎಂಬ ಪ್ರಮಾಣಗಳು ಬಂದು ಬಣ್ಣಗಳು ಹೆಚ್ಚಿದುವು. ಆದರೆ ಆ ಫಲಕಗಳು ಸ್ವತಃ ಯೋಚಿಸುತ್ತಿರಲಿಲ್ಲ; ಪ್ರೊಸೆಸರು ಲೆಕ್ಕಹಾಕಿ ಕೊಟ್ಟ ಚಿತ್ರವನ್ನು ತೆರೆಗೆ ಒಪ್ಪಿಸುವುದಷ್ಟೇ ಅವುಗಳ ಕೆಲಸ. ೧೯೯೩ರ ಡಿಸೆಂಬರಿನಲ್ಲಿ ಪ್ರಕಟವಾದ ‘ಡೂಮ್’ ಎಂಬ ಪ್ರಸಿದ್ಧ ಆಟದಲ್ಲಿಯೂ ಗೋಡೆ, ಕಂಬ, ಕತ್ತಲೆಗಳನ್ನೆಲ್ಲ ಲೆಕ್ಕಹಾಕುತ್ತಿದ್ದುದು ಪ್ರೊಸೆಸರೇ.

ಈ ಸ್ಥಿತಿಯನ್ನು ಬದಲಿಸಿದುದು ೧೯೯೬ರಲ್ಲಿ ತ್ರೀಡಿಎಫ್ಎಕ್ಸ್ ಸಂಸ್ಥೆಯು ತಂದ ‘ವೂಡೂ’ ಎಂಬ ಫಲಕ. ಮೂರು ಆಯಾಮಗಳ ಚಿತ್ರಕ್ಕೆ ಬೇಕಾದ ಗಣಿತದ ಒಂದು ದೊಡ್ಡ ಪಾಲನ್ನು ಅದು ತಾನೇ ಹೊತ್ತುಕೊಂಡಿತು. ಅದನ್ನು ಬಳಸುವವನು ಹಳೆಯ ಚಿತ್ರಫಲಕವನ್ನು ಕೀಳಬೇಕಾಗಿರಲಿಲ್ಲ. ಹೊಸದನ್ನು ಮತ್ತೊಂದು ಸ್ಲಾಟಿನಲ್ಲಿ ಕೂಡಿಸಿ, ಎರಡನ್ನೂ ಹೊರಗಿನಿಂದ ಒಂದು ತಂತಿಯಿಂದ ಜೋಡಿಸಿದರೆ ಸಾಕಾಗಿತ್ತು. ಹಳತರ ಪಕ್ಕದಲ್ಲಿಯೇ ಹೊಸತು ನಿಂತು ದುಡಿಯಿತು. ಆಟಕ್ಕಾಗಿ ಯಂತ್ರವನ್ನು ಮೇಲ್ದರ್ಜೆಗೇರಿಸುವ ಇಂದಿನ ರೂಢಿಗೆ ಇದೇ ಮಾದರಿಯೆನ್ನಬಹುದು. ೧೯೯೯ರಲ್ಲಿ ಎನ್ವಿಡಿಯಾ ಸಂಸ್ಥೆಯ ‘ಜಿಫೋರ್ಸ್ ೨೫೬’ ಬಂದು ಆಕಾರಗಳ ಸ್ಥಾನಾಂತರ, ಬೆಳಕಿನ ಲೆಕ್ಕ ಮೊದಲಾದುವನ್ನೂ ಪ್ರೊಸೆಸರಿನಿಂದ ಬಿಡಿಸಿಕೊಂಡಿತು, ‘ಜಿ.ಪಿ.ಯು.’ ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂದುದು ಆಗಲೇ. ೨೦೦೧ರ ಹೊತ್ತಿಗೆ ಫಲಕದೊಳಗಣ ಲೆಕ್ಕದ ಕ್ರಮವನ್ನು ಆಟ ರಚಿಸುವವನೇ ಬರೆಯುವಂತಾಯಿತು. ಇಪ್ಪತ್ತು ವರ್ಷಗಳಲ್ಲಿ ಚಿತ್ರಫಲಕವು ಲಿಪಿಕಾರನ ಪದವಿಯಿಂದ ಗಣಿತಜ್ಞನ ಪದವಿಗೆ ಏರಿದಂತಾಯಿತು.

೪

ಇಷ್ಟಾದರೂ ಫಲಕವು ತಾನೊಂದೇ ನಿಲ್ಲುವ ವಸ್ತುವಲ್ಲ. ಅದಕ್ಕೂ ಪ್ರೊಸೆಸರಿಗೂ ನಡುವೆ ಒಂದು ಮಾರ್ಗ ಬೇಕು. ಈ ಮಾರ್ಗದ ಚರಿತ್ರೆಯನ್ನು ತಿಳಿಯಲು ನಮ್ಮ ಪ್ರದೇಶದ ರೈಲುದಾರಿಯಂಥ ಒಳ್ಳೆಯ ನಿದರ್ಶನ ಮತ್ತೊಂದಿಲ್ಲ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾಗಳ ಮೇಲೆ ಹಾಯುವ ದಾರಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀಟರ್ ಗೇಜಿನದಾಗಿ ನಿರ್ಮಿತವಾಯಿತು. ೧೯೭೦ರ ದಶಕದ ಆದಿಯಲ್ಲಿ ಪುಣೆಯಿಂದ ಮಿರಜದವರೆಗೆ ಬ್ರಾಡ್ ಗೇಜು ಬಂದಿತು. ಅಲ್ಲಿಂದ ದಕ್ಷಿಣಕ್ಕೆ ಮೀಟರ್ ಗೇಜೇ ಉಳಿಯಿತು. ಲಾತೂರಿನ ಕಡೆಗೆ ನ್ಯಾರೋ ಗೇಜು. ಒಂದೇ ನಿಲ್ದಾಣದಲ್ಲಿ ಮೂರು ಅಳತೆಯ ಹಳಿಗಳು! ಪುಣೆಯ ಕಡೆಯಿಂದ ಬಂದ ಎಂಜಿನ್ನು ಎಷ್ಟೇ ಬಲಶಾಲಿಯಾಗಿರಲಿ, ಮಿರಜದಲ್ಲಿ ನಿಲ್ಲಲೇಬೇಕು. ಸರಕನ್ನು ಇಳಿಸಿ ಮತ್ತೊಂದು ಗಾಡಿಗೆ ಏರಿಸಲೇಬೇಕು. ೧೯೯೦ರ ದಶಕದಲ್ಲಿ ದಕ್ಷಿಣದ ದಾರಿಯೂ ಬ್ರಾಡ್ ಗೇಜಾಗುವವರೆಗೆ ಈ ಪಾಡು ತಪ್ಪಲಿಲ್ಲ.

ಗಣಕದೊಳಗೂ ಹೀಗೆಯೇ ನಡೆಯಿತು. ೧೯೮೧ರ ಮೂಲ ಸ್ಲಾಟು ಒಮ್ಮೆಗೆ ಎಂಟು ಬಿಟ್ಟುಗಳನ್ನು ಸಾಗಿಸುತ್ತಿತ್ತು. ೧೯೮೪ರಲ್ಲಿ ಅದು ಹದಿನಾರಕ್ಕೆ ಏರಿತು. ೧೯೮೭ರಲ್ಲಿ ಐ.ಬಿ.ಎಂ. ಸಂಸ್ಥೆಯು ‘ಮೈಕ್ರೋ ಚಾನೆಲ್’ ಎಂಬ ಹೊಸ ಮಾರ್ಗವನ್ನು ತಂದಿತು. ಅದು ಗುಣದಲ್ಲಿ ಮೇಲಾದುದೇ; ಆದರೆ ಹಳೆಯ ಫಲಕಗಳು ಅದರಲ್ಲಿ ಕೂಡುತ್ತಿರಲಿಲ್ಲ, ಇತರ ತಯಾರಕರು ಅದನ್ನು ಬಳಸಬೇಕಾದರೆ ಶುಲ್ಕ ತೆರಬೇಕಾಗಿತ್ತು. ಕಾಂಪ್ಯಾಕ್ ಮೊದಲಾದ ಒಂಬತ್ತು ಸಂಸ್ಥೆಗಳು ಒಟ್ಟುಗೂಡಿ ೧೯೮೮ರಲ್ಲಿ ಹಳೆಯ ಫಲಕಗಳಿಗೂ ಹೊಂದುವ ಬೇರೊಂದು ಮಾರ್ಗವನ್ನು ಮುಂದಿಟ್ಟುವು. ತೆರೆದಿಟ್ಟ ಬಾಗಿಲನ್ನು ಮುಚ್ಚಲು ಹೋದ ಐ.ಬಿ.ಎಂ. ಸಂಸ್ಥೆಯ ಪ್ರಯತ್ನವು ಫಲಿಸಲಿಲ್ಲ. ಬಳಸುವವರ ಸ್ವಾತಂತ್ರ್ಯವು ಒಮ್ಮೆ ರೂಢಿಯಾದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲವೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

೧೯೯೨ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ‘ಪಿ.ಸಿ.ಐ.’ ಮಾರ್ಗವು ಸೆಕೆಂಡಿಗೆ ೧೩೩ ಮೆಗಾಬೈಟುಗಳನ್ನು ಸಾಗಿಸಿತು. ೧೯೯೭ರ ಹೊತ್ತಿಗೆ ಚಿತ್ರಫಲಕಕ್ಕಾಗಿಯೇ ಮೀಸಲಾದ ‘ಎ.ಜಿ.ಪಿ.’ ಸ್ಲಾಟು ಬಂದಿತು. ಅದರ ಕೊನೆಯ ರೂಪವು ಸೆಕೆಂಡಿಗೆ ಸುಮಾರು ೨.೧ ಗಿಗಾಬೈಟುಗಳ ಮಾರ್ಗ. ೨೦೦೪ರಲ್ಲಿ ಯಂತ್ರಗಳಲ್ಲಿ ಕಾಣಿಸಿಕೊಂಡ ‘ಪಿ.ಸಿ.ಐ. ಎಕ್ಸ್‌ಪ್ರೆಸ್’ ತನ್ನ ಹದಿನಾರು ಓಣಿಗಳ ಸ್ಲಾಟಿನಲ್ಲಿ ಒಂದೊಂದು ದಿಕ್ಕಿಗೂ ನಾಲ್ಕು ಗಿಗಾಬೈಟುಗಳನ್ನು ಸಾಗಿಸಿತು. ೨೦೧೦ರ ಮೂರನೆಯ ಆವೃತ್ತಿಯಲ್ಲಿ ಇದು ಹದಿನಾರರ ಸಮೀಪಕ್ಕೆ ಏರಿತು. ಈ ಮಾರ್ಗದ ಒಂದು ವಿಶೇಷವೆಂದರೆ ಹೊಸ ಆವೃತ್ತಿಯ ಕಾರ್ಡು ಹಳೆಯ ಆವೃತ್ತಿಯ ಸ್ಲಾಟಿನಲ್ಲಿಯೂ ಕೂಡುತ್ತದೆ. ಹಳೆಯ ದಾರಿಯ ವೇಗದಲ್ಲಿ ನಡೆಯುತ್ತದೆ. ಎ.ಜಿ.ಪಿ. ಸ್ಲಾಟಿನ ಯಂತ್ರಕ್ಕೆ ಇಂದಿನ ಕಾರ್ಡು ಹಿಡಿಸುವುದಿಲ್ಲ. ೨೦೧೦ರ ಆಚೀಚಿನ ಯಂತ್ರಕ್ಕೆ ಹಿಡಿಸುತ್ತದೆ. ಶಾಸನದ ಅಕ್ಷರದ ತಿರುವನ್ನು ನೋಡಿ ಲಿಪಿಶಾಸ್ತ್ರಜ್ಞನು ಕಾಲವನ್ನು ನಿರ್ಣಯಿಸುವಂತೆ, ಸ್ಲಾಟಿನ ಆಕಾರವನ್ನು ನೋಡಿ ಯಂತ್ರದ ಕಾಲವನ್ನೂ ಅದರ ಮುಂದಿನ ಬಾಳನ್ನೂ ಹೇಳಬಹುದು.

ಹಿಡಿಸಿದ ಮಾತ್ರಕ್ಕೆ ಸರಿಹೋಯಿತೆಂದಲ್ಲ. ೨೦೨೨ರ ಜನವರಿಯಲ್ಲಿ ಬಂದ ಎ.ಎಂ.ಡಿ. ಸಂಸ್ಥೆಯ ‘ರೇಡಿಯಾನ್ ಆರ್‌ಎಕ್ಸ್ ೬೫೦೦ ಎಕ್ಸ್‌ಟಿ’ ಕಾರ್ಡಿಗೆ ನಾಲ್ಕೇ ಓಣಿಗಳು. ನಾಲ್ಕನೆಯ ಆವೃತ್ತಿಯ ಹೊಸ ಮಾರ್ಗದಲ್ಲಿ ಅಷ್ಟು ಸಾಕಾಗುತ್ತದೆ. ಮೂರನೆಯ ಆವೃತ್ತಿಯ ಹಳೆಯ ಯಂತ್ರದಲ್ಲಿ ಮಾರ್ಗವು ಅರ್ಧಕ್ಕೆ ಇಳಿಯುವುದರಿಂದ, ನಾಲ್ಕು ಗಿಗಾಬೈಟಿನ ಅದರ ಸ್ವಂತ ಸ್ಮೃತಿ ತುಂಬಿದೊಡನೆಯೇ ಆಟವು ಮುಗ್ಗರಿಸುತ್ತದೆ. ಕಡಮೆ ಬೆಲೆಯ ಕಾರ್ಡು ಯಾರ ಹಳೆಯ ಯಂತ್ರಕ್ಕೆ ಬೇಕಾಗಿತ್ತೋ ಅವರ ಯಂತ್ರದಲ್ಲಿಯೇ ಅದು ಸೊರಗಿತು. ಮಿರಜದ ಹಳಿಗಳ ಕಥೆಯೇ ಇಲ್ಲಿಯೂ ಮರುಕಳಿಸಿತೆನ್ನಬೇಕು.

೫

ಮಾರ್ಗದ ಪರೀಕ್ಷೆಯ ಬಳಿಕ ಇನ್ನು ಮೂರು ಪರೀಕ್ಷೆಗಳು ಉಳಿದಿವೆ: ವಿದ್ಯುತ್ತು, ಎಡೆ, ಆರಂಭದ ಭಾಷೆ.

ಮೊದಲನೆಯದು ವಿದ್ಯುತ್ತು. ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟು ತಾನಾಗಿ ಕೊಡಬಲ್ಲುದು ೭೫ ವಾಟು ಮಾತ್ರ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್.ಎಂ.ಪಿ.ಎಸ್. ಪೆಟ್ಟಿಗೆಯಿಂದ ಬೇರೆ ತಂತಿಯನ್ನು ಎಳೆಯಬೇಕು. ಆರು ಮೊಳೆಗಳ ತಂತಿ ಇನ್ನೂ ೭೫ ವಾಟನ್ನು, ಎಂಟು ಮೊಳೆಗಳ ತಂತಿ ೧೫೦ ವಾಟನ್ನು ಕೊಡುತ್ತದೆ. ಕಚೇರಿಗೆಂದು ಮಾಡಿದ ಯಂತ್ರಗಳಲ್ಲಿ ಈ ತಂತಿಗಳಿರುವುದು ಅಪರೂಪ. ಕೆಲವು ತಯಾರಕರ ಎಸ್.ಎಂ.ಪಿ.ಎಸ್. ಆಕಾರದಲ್ಲಿಯೂ ಮೊಳೆಗಳ ಜೋಡಣೆಯಲ್ಲಿಯೂ ಬೇರೆಯಾಗಿರುವುದರಿಂದ ಪೇಟೆಯ ಸಾಮಾನ್ಯ ಪೆಟ್ಟಿಗೆ ಅಲ್ಲಿ ಕೂಡುವುದಿಲ್ಲ. ೨೦೧೪ರ ‘ಜಿಟಿಎಕ್ಸ್ ೭೫೦ ಟಿಐ’, ೨೦೧೬ರ ‘೧೦೫೦ ಟಿಐ’, ೨೦೧೯ರ ‘೧೬೫೦’ ಎಂಬ ಕಾರ್ಡುಗಳು ಹಳೆಯ ಯಂತ್ರದವರಲ್ಲಿ ಜನಪ್ರಿಯವಾದುದಕ್ಕೆ ಕಾರಣ ಇದೇ. ಇವುಗಳ ಮೂಲ ವಿನ್ಯಾಸವು ೭೫ ವಾಟಿನ ಮೇರೆಯೊಳಗೆ ನಿಂತುದರಿಂದ ಹಲವು ಮಾದರಿಗಳಿಗೆ ಬೇರೆ ತಂತಿ ಬೇಕಾಗಲಿಲ್ಲ. ಕಾರ್ಡಿನ ಶ್ರೇಷ್ಠತೆಯನ್ನು ವೇಗದಿಂದಷ್ಟೇ ಅಳೆಯುವವರು ಈ ಮಿತವ್ಯಯದ ಗುಣವನ್ನು ಗಮನಿಸುವುದಿಲ್ಲ. ವಿದ್ಯುತ್ತು ಹೋಗಿ ಬರುವ, ವೋಲ್ಟೇಜು ಏರಿಳಿಯುವ ಊರುಗಳಲ್ಲಿ ಒಳ್ಳೆಯ ಎಸ್.ಎಂ.ಪಿ.ಎಸ್. ಮತ್ತು ಯು.ಪಿ.ಎಸ್.ಗಳಿಗೆ ಮೊದಲ ಹಣ, ಕಾರ್ಡಿಗೆ ಎರಡನೆಯ ಹಣ ಎಂಬುದೇ ವಿವೇಕ.

ಎರಡನೆಯದು ಎಡೆ. ಕಚೇರಿಯ ತೆಳ್ಳನೆಯ ಕ್ಯಾಬಿನೆಟ್ಟಿನಲ್ಲಿ ಪೂರ್ಣ ಎತ್ತರದ ಕಾರ್ಡು ನಿಲ್ಲುವುದಿಲ್ಲ. ಅರ್ಧ ಎತ್ತರದ್ದೇ ಬೇಕು. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಂಬಾಕಿನ ನಿಪ್ಪಾಣಿಯಲ್ಲಾಗಲಿ, ಕಬ್ಬಿನ ಉಗಾರದಲ್ಲಾಗಲಿ, ಬೇಸಗೆಯ ಧೂಳು ಕಾರ್ಡಿನ ಫ್ಯಾನಿಗೂ ಬಿಡುವುದಿಲ್ಲ.

ಮೂರನೆಯದು ಆರಂಭದ ಭಾಷೆ. ಯಂತ್ರವು ಎಚ್ಚರಗೊಳ್ಳುವಾಗ ಮೊದಲು ನುಡಿಯುವ ತಂತ್ರಾಂಶಕ್ಕೆ ಬಯಾಸ್ ಎಂದು ಹೆಸರು. ಹಳೆಯ ಬಯಾಸಿನ ಸ್ಥಾನದಲ್ಲಿ ಯು.ಇ.ಎಫ್.ಐ. ಎಂಬ ಹೊಸ ಪದ್ಧತಿ ಬಂದ ಮೇಲೆ, ಕೆಲವು ಹೊಸ ಕಾರ್ಡುಗಳು ಹಳೆಯ ಬಯಾಸಿನೊಡನೆ ಮಾತಾಡಲೊಲ್ಲವು. ಯಂತ್ರ ಚಾಲೂ ಆದರೂ ತೆರೆ ಕಪ್ಪಾಗಿಯೇ ಉಳಿಯುತ್ತದೆ. ೨೦೨೨ರಲ್ಲಿ ಇಂಟೆಲ್ ಸಂಸ್ಥೆಯು ತಂದ ‘ಆರ್ಕ್’ ಕಾರ್ಡುಗಳು ಹಳೆಯ ಯಂತ್ರಗಳಲ್ಲಿಲ್ಲದ ಒಂದು ಸೌಕರ್ಯವನ್ನು ನಂಬಿದುದರಿಂದ ಅಲ್ಲಿ ಅವುಗಳ ವೇಗ ಬಹಳ ಕುಗ್ಗುತ್ತದೆ. ಇದಕ್ಕೆ ಸೇರಿದ ಮತ್ತೊಂದು ಮಾತೆಂದರೆ, ೨೦೨೫ರ ಅಕ್ಟೋಬರ್ ೧೪ರಂದು ‘ವಿಂಡೋಸ್ ೧೦’ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು, ‘ವಿಂಡೋಸ್ ೧೧’ ಕೇಳುವ ಭದ್ರತೆಯ ಅಂಗಗಳು ಹಳೆಯ ಯಂತ್ರಗಳಲ್ಲಿ ಇಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಒಂದು ದಾರಿ. ಆದರೆ ಎಲ್ಲ ಆಟಗಳೂ ಆ ದಾರಿಯಲ್ಲಿ ನಡೆಯುವುದಿಲ್ಲ.

ಇವೆಲ್ಲ ಸರಿಯಿದ್ದಾಗಲೂ ಪ್ರೊಸೆಸರಿನ ಮಾತು ಉಳಿಯುತ್ತದೆ. ಆಟದಲ್ಲಿ ಯಾವ ಪಾತ್ರ ಎಲ್ಲಿದೆ, ಮುಂದೇನಾಗಬೇಕು ಎಂಬುದನ್ನು ನಿರ್ಣಯಿಸುವುದು ಇಂದಿಗೂ ಪ್ರೊಸೆಸರೇ. ಅದು ನಿಧಾನವಾದರೆ ಎಷ್ಟು ದೊಡ್ಡ ಕಾರ್ಡಾದರೂ ಕೈಕಟ್ಟಿ ಕುಳಿತಿರಬೇಕಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಅಥಣಿ ನಿಪ್ಪಾಣಿಗಳ ಕುಶಲಕರ್ಮಿಗಳು ಮಾಡುವ, ೨೦೧೯ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಕೊಲ್ಲಾಪುರಿ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಬಹುದು. ಆದರೆ ಮೇಲಿನ ಪಟ್ಟಿಯೇ ಹರಿದಿದ್ದರೆ ಅಟ್ಟೆಯಿಂದೇನು ಫಲ? ಪಟ್ಟಿ ಗಟ್ಟಿಯಾಗಿರುವ ಜೋಡಿಗೆ ಅಟ್ಟೆ ಹಾಕಿಸುವವನು ಜಾಣ, ಹರಿದುದಕ್ಕೆ ಹಾಕಿಸುವವನು ಹಣಗೇಡಿ. ಎರಡರ ನಡುವಣ ವ್ಯತ್ಯಾಸವು ಕೊಳ್ಳುವ ಮೊದಲೇ ತಿಳಿಯತಕ್ಕದ್ದು.

೬

ಇನ್ನು ಪೇಟೆಯ ವಿಷಯ. ಈ ಐದು ಊರುಗಳಿಗೆ ಹತ್ತಿರದ ದೊಡ್ಡ ಪೇಟೆಗಳೆಂದರೆ ಬೆಳಗಾವಿ, ಕೊಲ್ಲಾಪುರ, ಸಾಂಗಲಿ, ಮಿರಜಗಳು. ಗಡಿಯ ಈಚೆಗಿನ ವಿದ್ಯಾರ್ಥಿಗೂ ಕಾರ್ಡಿನ ಬೆಲೆಯನ್ನು ನಿಶ್ಚಯಿಸುವುದು ಬಹುದೂರದ ಸಂಗತಿಗಳೇ. ೨೦೨೦ರಿಂದ ೨೦೨೨ರವರೆಗೆ ಚಿಪ್ಪುಗಳ ಅಭಾವದಿಂದಲೂ, ‘ಇಥೀರಿಯಂ’ ಎಂಬ ಗೂಢನಾಣ್ಯವನ್ನು ಗಳಿಸಲು ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡುದರಿಂದಲೂ ಲೋಕದಾದ್ಯಂತ ಬೆಲೆಗಳು ಏರಿದುವು. ೨೦೨೨ರ ಸೆಪ್ಟೆಂಬರ್ ೧೫ರಂದು ಆ ನಾಣ್ಯದ ಪದ್ಧತಿಯೇ ಬದಲಾಗಿ ಕಾರ್ಡುಗಳ ಅಗತ್ಯ ತಪ್ಪಿತು. ಬಳಸಿದ ಕಾರ್ಡುಗಳು ಪೇಟೆಗೆ ಹರಿದುಬಂದುವು. ಹಗಲಿರುಳು ದುಡಿದ ಅಂಥ ಕಾರ್ಡನ್ನು ಕೊಳ್ಳುವಾಗ ಫ್ಯಾನಿನ ಸದ್ದು, ಉಷ್ಣದ ಏರಿಕೆ, ಥರ್ಮಲ್ ಪೇಸ್ಟಿನ ಸ್ಥಿತಿಗಳನ್ನು ನೋಡಿಯೇ ಕೊಳ್ಳಬೇಕು. ಮಾರುವವನ ಎದುರಿನಲ್ಲಿಯೇ ಒಂದು ಆಟವನ್ನು ಅರ್ಧ ಗಂಟೆ ನಡೆಸಿ ನೋಡುವುದು ಉತ್ತಮ ಪರೀಕ್ಷೆ.

ಆಟದ ವಸ್ತುವಿಗೆ ಇಷ್ಟು ವಿಚಾರವೇಕೆ ಎಂದು ಕೇಳಬಹುದು. ಉತ್ತರವು ಚರಿತ್ರೆಯಲ್ಲಿಯೇ ಇದೆ. ಆಟವಾಡುವವರು ಕೊಟ್ಟ ಹಣದಿಂದ ಬೆಳೆದ ಈ ಫಲಕದಲ್ಲಿ ಸಾವಿರಾರು ಲೆಕ್ಕಗಳು ಒಟ್ಟಿಗೆ ನಡೆಯುವುದನ್ನು ಕಂಡ ವಿಜ್ಞಾನಿಗಳು ಅದನ್ನು ತಮ್ಮ ಕೆಲಸಕ್ಕೆ ಎಳೆದುಕೊಂಡರು. ಎನ್ವಿಡಿಯಾ ಸಂಸ್ಥೆಯು ೨೦೦೬ರಲ್ಲಿ ಸಾರಿ ಮರುವರ್ಷ ಬಳಕೆಗೆ ಬಿಟ್ಟ ‘ಕ್ಯೂಡಾ’ ಅದಕ್ಕೆ ದಾರಿ ಮಾಡಿತು. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಕ್ರಿಝೆವ್‌ಸ್ಕಿ, ಸುಟ್‌ಸ್ಕೆವರ್, ಹಿಂಟನ್ ಎಂಬ ಮೂವರು, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ ತಮ್ಮ ‘ಅಲೆಕ್ಸ್‌ನೆಟ್’ ವ್ಯವಸ್ಥೆಗೆ ತರಬೇತು ಕೊಟ್ಟುದು ಎರಡು ‘ಜಿಟಿಎಕ್ಸ್ ೫೮೦’ ಕಾರ್ಡುಗಳಲ್ಲಿ. ಅವು ಆಟಕ್ಕೆಂದು ಅಂಗಡಿಯಲ್ಲಿ ಮಾರುತ್ತಿದ್ದ ಕಾರ್ಡುಗಳೇ. ಇಂದು ಯಂತ್ರಬುದ್ಧಿಯೆಂದು ಲೋಕವೆಲ್ಲ ಮಾತಾಡುವ ಬೆಳವಣಿಗೆಗೆ ನೆಲಗಟ್ಟು ಹಾಕಿದವುಗಳಲ್ಲಿ ಅದೊಂದು. ಕಾಗವಾಡದ ವಿದ್ಯಾರ್ಥಿಯು ಹಳೆಯ ಯಂತ್ರದಲ್ಲಿ ಆಟಕ್ಕೆಂದು ಕೂಡಿಸಿದ ಕಾರ್ಡಿನ ಮೇಲೆಯೇ, ಮನಸ್ಸು ಮಾಡಿದರೆ, ಸಮಾಂತರ ಗಣನೆಯ ಮೊದಲ ಪಾಠಗಳನ್ನು ಕಲಿಯಬಹುದು. ಅವನಿಗೆ ಪ್ರಯೋಗಶಾಲೆಯೆಂದರೆ ಆ ಖಾಲಿ ಸ್ಲಾಟು.

ಆ ಸ್ಲಾಟೇ ಈಗ ಮರೆಯಾಗುತ್ತಿರುವುದು ಚಿಂತೆಗೆ ಎಡೆಗೊಡುವ ಸಂಗತಿ. ಮಡಿಸುವ ಗಣಕಗಳಲ್ಲಿಯೂ ಅಂಗೈಯಗಲದ ಚಿಕ್ಕ ಗಣಕಗಳಲ್ಲಿಯೂ ಚಿತ್ರದ ಚಿಪ್ಪು, ಹಲವೆಡೆ ಸ್ಮೃತಿಯೂ, ಮುಖ್ಯ ಫಲಕಕ್ಕೆ ಬೆಸೆದುಕೊಂಡಿರುತ್ತವೆ. ಅವು ಕಡಮೆ ವಿದ್ಯುತ್ತಿನಲ್ಲಿ ನಡೆಯುತ್ತವೆ, ಕಡಮೆ ಎಡೆಯಲ್ಲಿ ಅಡಗುತ್ತವೆ ಎಂಬುದು ನಿಜ. ಆದರೆ ಕೊಂಡ ದಿನದ ಅಂತಸ್ತೇ ಅವುಗಳ ಕೊನೆಯ ಅಂತಸ್ತು. ೧೯೮೧ರಲ್ಲಿ ತೆರೆದ ಬಾಗಿಲನ್ನು ೧೯೮೭ರಲ್ಲಿ ಒಂದು ಸಂಸ್ಥೆ ಮುಚ್ಚಲಾರದೆ ಹೋಯಿತು. ಈಗ ಅದು ಯಾರ ಆಜ್ಞೆಯೂ ಇಲ್ಲದೆ, ಅನುಕೂಲದ ಹೆಸರಿನಲ್ಲಿ, ಮೆಲ್ಲಗೆ ಮುಚ್ಚಿಕೊಳ್ಳುತ್ತಿದೆ.

ಇದರಿಂದ ನಮ್ಮ ಕಾಲೇಜುಗಳು ಗ್ರಹಿಸತಕ್ಕ ಒಂದು ಕರ್ತವ್ಯವುಂಟು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳ ಪ್ರಕಾರ ಹಳೆಯ ಗಣಕಗಳನ್ನು ಕಂಡಲ್ಲಿ ಎಸೆಯುವಂತಿಲ್ಲ. ನೋಂದಾಯಿತ ಸಂಸ್ಥೆಗಳ ಮೂಲಕವೇ ವಿಲೇವಾರಿ ಮಾಡಬೇಕು. ಆ ವಿಲೇವಾರಿಗೆ ಮುನ್ನ, ದಾಸ್ತಾನು ಕೋಣೆಯಲ್ಲಿ ಬಿದ್ದಿರುವ ಒಂದೊಂದು ಯಂತ್ರದ ಸ್ಲಾಟು, ಎಸ್.ಎಂ.ಪಿ.ಎಸ್., ಬಯಾಸ್, ಪ್ರೊಸೆಸರುಗಳನ್ನು ವಿದ್ಯಾರ್ಥಿಗಳಿಂದಲೇ ಪರೀಕ್ಷೆ ಮಾಡಿಸಿ ಪಟ್ಟಿ ಬರೆಯಿಸಿದರೆ, ಯಾವುದು ಇನ್ನೊಂದು ಬಾಳಿಗೆ ಅರ್ಹ, ಯಾವುದು ಅಲ್ಲ ಎಂಬುದು ತಿಳಿಯುತ್ತದೆ. ವೆಚ್ಚ ಅತ್ಯಲ್ಪ, ಅದರಿಂದ ಬರುವ ವಿದ್ಯೆಯಾದರೋ ಪಠ್ಯಪುಸ್ತಕದಲ್ಲಿ ದೊರೆಯದಂಥದು. ಥಾಯ್ ಲಿಪಿಗೂ ಕನ್ನಡ ಲಿಪಿಗೂ, ಆಟಕ್ಕೂ ಗಣಿತಕ್ಕೂ ಒಂದೇ ಸಮನಾಗಿ ಎಡೆಕೊಟ್ಟ ಆ ಸ್ಲಾಟು ನಮ್ಮ ನಡುವೆ ಇರುವಷ್ಟು ಕಾಲ ಅದನ್ನು ಬರಿದಾಗಿ ಬಿಡದಿರುವುದು ಮೇಲು.